ಟೋನಿ ಹಾಕ್ಸ್ ಪ್ರೊ ಸ್ಕೇಟರ್ 5: ಹೆಸರು ಅದೇ ಇದ್ದರೂ ಆಟ ಕೈಗೆ ಹತ್ತುವುದಿಲ್ಲವೇಕೆ?

ಪ್ರಶ್ನೆ ಕೇಳಿದವರು: ತೊಗರಿಕಣಜ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ.

ಅಮೆರಿಕದ ಸ್ಕೇಟ್‌ಬೋರ್ಡ್ ಪಟು ಟೋನಿ ಹಾಕ್ ಹೆಸರಿನ ವಿಡಿಯೊ ಆಟಗಳನ್ನು ಮೊದಲಿನಿಂದ ಆಡುತ್ತ ಬಂದವರು ಇಲ್ಲಿ ಕೆಲವರಿದ್ದೀರಿ ಎಂಬುದನ್ನು ಹಳೆಯ ಚರ್ಚೆಗಳಲ್ಲಿ ಕಂಡಿದ್ದೇನೆ. ಆ ಧೈರ್ಯದಿಂದಲೇ ಸ್ವಲ್ಪ ದೀರ್ಘವಾಗಿ ಕೇಳುತ್ತಿದ್ದೇನೆ.

ನಾನು ಕಾಲೇಜು ಓದುತ್ತಿದ್ದ ದಿನಗಳಲ್ಲಿ ಇಲ್ಲಿಯ ಸೂಪರ್ ಮಾರ್ಕೆಟ್ ಭಾಗದಲ್ಲಿ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಪ್ಲೇಸ್ಟೇಷನ್ 2 ಆಡುವ ಅಂಗಡಿಯೊಂದಿತ್ತು. ಉಳಿದವರು ಕ್ರಿಕೆಟ್ ಮತ್ತು ಕುಸ್ತಿಯ ಆಟಗಳಿಗೆ ಪಾಳಿ ಹಚ್ಚುತ್ತಿದ್ದರೆ, ನಾನು ಮತ್ತು ನನ್ನ ಗೆಳೆಯ ಪ್ರೊ ಸ್ಕೇಟರ್ 3 ಹಾಕಿಸಿಕೊಂಡು ಕೂಡುತ್ತಿದ್ದೆವು. ಎರಡು ನಿಮಿಷದ ಒಂದು ಸುತ್ತು, ಅಷ್ಟರೊಳಗೆ ಎಷ್ಟು ಸಾಧ್ಯವೋ ಅಷ್ಟು ಸ್ಕೋರ್, ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ತಾಸಿನ ದುಡ್ಡಿಗೆ ಅಷ್ಟು ಆಟ ಆ ಅಂಗಡಿಯ ಬೇರೆ ಯಾವ ಡಿಸ್ಕಿನಲ್ಲೂ ಸಿಗುತ್ತಿರಲಿಲ್ಲ.

ಈಗ ಎಂಟನೆಯ ತರಗತಿಯಲ್ಲಿರುವ ಅಣ್ಣನ ಮಗನಿಗೆ ಈ ಆಟಗಳ ಮೇಲೆ ಆಸೆ ಹುಟ್ಟಿದೆ. ಮನೆಯಲ್ಲಿ ಪ್ಲೇಸ್ಟೇಷನ್ 4 ಇದೆ. ಅವನ ಗೆಳೆಯನೊಬ್ಬನ ಮನೆಯಲ್ಲಿ 2015ರ ಪ್ರೊ ಸ್ಕೇಟರ್ 5 ಇದ್ದು, ಕಡಿಮೆ ಬೆಲೆಗೆ ಕೊಡಲು ಅವರು ಸಿದ್ಧರಿದ್ದಾರೆ. "ಕಾಕಾ, ನೀವು ಆಡುತ್ತಿದ್ದ ಆಟದ ಮುಂದಿನ ಭಾಗ ಇದೇ ಅಲ್ಲವೇ?" ಎಂದು ಹುಡುಗ ಕೇಳಿದ. ಕೊಳ್ಳುವ ಮೊದಲು ಒಮ್ಮೆ ನೋಡೋಣವೆಂದು ಅವರ ಮನೆಗೇ ಹೋಗಿ ಇಬ್ಬರೂ ಕುಳಿತು ಆಡಿದೆವು.

ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಬಟನ್‌ಗಳು ಹಳೆಯವೇ, ಟ್ರಿಕ್‌ಗಳ ಹೆಸರುಗಳೂ ಹಳೆಯವೇ. ಆದರೆ ವೇಗವಾಗಿ ಬಂದು, ಹಾರಿ, ಕಂಬಿಯ ಮೇಲೆ ಗ್ರೈಂಡ್ (ಬೋರ್ಡಿನಿಂದ ಕಂಬಿಯ ಮೇಲೆ ಜಾರುವ ಟ್ರಿಕ್) ಹಿಡಿಯಲು ತ್ರಿಕೋನದ ಬಟನ್ ಒತ್ತಿದರೆ, ಪರದೆಯ ಮೇಲಿನ ಆಟಗಾರ ಕಂಬಿಯನ್ನು ಹಿಡಿಯುವ ಬದಲು ಅದರ ಮುಂದೆಯೇ ಧಡ್ ಎಂದು ನೆಲಕ್ಕೆ ಇಳಿದುಬಿಡುತ್ತಾನೆ. ಕೆಲವೊಮ್ಮೆ ಸರಿಯಾಗಿ ಹತ್ತುತ್ತದೆ, ಕೆಲವೊಮ್ಮೆ ಇಲ್ಲ. ಇದಲ್ಲದೆ, ಲೆವೆಲ್‌ಗಳಲ್ಲಿ ಸುತ್ತಾಡುವಾಗ ಯಾವುದನ್ನೂ ಹುಡುಕಬೇಕೆನ್ನುವ ಆಸೆ ನನಗೆ ಹುಟ್ಟಲಿಲ್ಲ. ಹಳೆಯ ಆಟದಲ್ಲಿ ಅದು ಎಷ್ಟು ಬಲವಾಗಿತ್ತೆಂದರೆ, ಅಂಗಡಿಯವನು ಸಮಯ ಮುಗಿಯಿತೆಂದು ಹೇಳಿದ ಮೇಲೂ ಮೂಲೆಯೊಂದನ್ನು ನೋಡಿ ಬರುತ್ತೇವೆಂದು ಬೇಡಿಕೊಳ್ಳುತ್ತಿದ್ದೆವು.

ಈ ಆಟಕ್ಕೆ ವಿಮರ್ಶಕರು ಬಹಳ ಕಡಿಮೆ ಅಂಕ ಕೊಟ್ಟಿದ್ದಾರೆಂದು ಬಲ್ಲೆ. ನನಗೆ ಬೇಕಾಗಿರುವುದು ಅಂಕವಲ್ಲ, ಕಾರಣ. ಇದು ಅವಸರದಲ್ಲಿ ಮಾಡಿದ್ದರಿಂದ ಉಳಿದುಹೋದ ದೋಷವೋ, ಅಥವಾ ಆಟವನ್ನು ಕಟ್ಟುವಾಗಲೇ ಬೇಕೆಂದು ತೆಗೆದುಕೊಂಡ ನಿರ್ಧಾರವೋ? ಡಿಸ್ಕ್ ಕೊಂಡರೆ ಹುಡುಗನಿಗೆ ಈ ಸರಣಿಯ ಸವಿ ತಿಳಿಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.


ಉತ್ತರ: ಬಹಮನಿಬುರುಜು, ಬೀದರ್

ತೊಗರಿಕಣಜ ಅವರಿಗೆ ಶರಣಾರ್ಥಿ. ನೀವು ಕಂಡದ್ದು ನಿಮ್ಮ ಕೈಯ ದೋಷವಲ್ಲ, ಕಂಟ್ರೋಲರ್ ಸವೆದದ್ದೂ ಅಲ್ಲ. ಆಟಗಾರ ಕಂಬಿಯ ಮುಂದೆ ನೆಲಕ್ಕೆ ಇಳಿಯುವುದು ಈ ಆಟದಲ್ಲಿ ಹೊಸದಾಗಿ ಸೇರಿಸಿದ ಒಂದು ಚಲನೆ. ಅದಕ್ಕೆ ಸ್ಲ್ಯಾಮ್ ಎನ್ನುತ್ತಾರೆ. ಅಂದರೆ ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ, ಅದು ಬೇಕೆಂದೇ ತೆಗೆದುಕೊಂಡ ನಿರ್ಧಾರ. ನನ್ನ ಅಭಿಪ್ರಾಯದಲ್ಲಿ ಈ ಆಟದ ಎಲ್ಲ ದೋಷಗಳಿಗಿಂತ ಅದೇ ದೊಡ್ಡದು. ಅದು ಯಾಕೆ ಎಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

1999ರಲ್ಲಿ ನೆವರ್‌ಸಾಫ್ಟ್ ಸಂಸ್ಥೆ ಮೊದಲ ಪ್ರೊ ಸ್ಕೇಟರ್ ಆಟವನ್ನು ಮಾಡಿದಾಗ ಅದರ ಹೂರಣ ಬಹಳ ಸರಳವಾಗಿತ್ತು. ಒಂದು ಬಟನ್ ಹಾರುವುದಕ್ಕೆ, ಒಂದು ಬೋರ್ಡನ್ನು ತಿರುಗಿಸುವುದಕ್ಕೆ, ಒಂದು ಗಾಳಿಯಲ್ಲಿ ಬೋರ್ಡನ್ನು ಕೈಯಲ್ಲಿ ಹಿಡಿಯುವುದಕ್ಕೆ, ಒಂದು ಕಂಬಿಯ ಮೇಲೆ ಜಾರುವುದಕ್ಕೆ. ಒಂದರ ಹಿಂದೆ ಒಂದು ಟ್ರಿಕ್ ಮಾಡುತ್ತ ಹೋದರೆ, ಅವುಗಳ ಮೂಲ ಅಂಕಗಳನ್ನು ಕೂಡಿಸಿ, ಬಂದದ್ದನ್ನು ಟ್ರಿಕ್‌ಗಳ ಸಂಖ್ಯೆಯಿಂದ ಗುಣಿಸಲಾಗುತ್ತದೆ. ಐದು ಟ್ರಿಕ್‌ಗಳ ಮೂಲ ಅಂಕ ಒಟ್ಟು 2,000 ಆದರೆ ಸಿಗುವುದು 10,000. ಕೊನೆಯಲ್ಲಿ ಬಿದ್ದರೆ ಒಂದೂ ಇಲ್ಲ. ಇಷ್ಟೇ ಲೆಕ್ಕ, ಆದರೆ ಇನ್ನೊಂದು ಟ್ರಿಕ್ ಸೇರಿಸಲೋ, ಇದ್ದದ್ದನ್ನು ಉಳಿಸಿಕೊಂಡು ಇಳಿಯಲೋ ಎನ್ನುವ ಆ ಅರೆಕ್ಷಣದ ತೀರ್ಮಾನವೇ ಇಡೀ ಆಟ.

ಮೊದಲ ಆಟದಲ್ಲಿ ಚಕ್ರ ನೆಲ ಮುಟ್ಟಿದೊಡನೆ ಕಾಂಬೊ, ಅಂದರೆ ಹೀಗೆ ಜೋಡಿಸಿದ ಟ್ರಿಕ್‌ಗಳ ಸರಪಳಿ, ಮುಗಿಯುತ್ತಿತ್ತು. 2000ದಲ್ಲಿ ಬಂದ ಎರಡನೆಯ ಆಟ ಮ್ಯಾನ್ಯುಯಲ್ ಎಂಬುದನ್ನು ಕೊಟ್ಟಿತು. ಎರಡೇ ಚಕ್ರಗಳ ಮೇಲೆ ತೂಕ ಸರಿದೂಗಿಸುತ್ತ ಸಮತಟ್ಟಾದ ನೆಲವನ್ನು ದಾಟಿ, ಕಾಂಬೊ ಕಡಿಯದಂತೆ ಮುಂದಿನ ಕಂಬಿಗೆ ಹೋಗಬಹುದಾಯಿತು. 2001ರಲ್ಲಿ, ನೀವು ಆಡಿದ ಮೂರನೆಯ ಆಟದಲ್ಲಿ, ಇಳಿದೊಡನೆ ಬೋರ್ಡನ್ನು ಹಿಂದುಮುಂದಾಗಿ ತಿರುಗಿಸುವ ರಿವರ್ಟ್ ಬಂದಿತು. ಎತ್ತರದ ರ್‍ಯಾಂಪಿನಿಂದ ಗಾಳಿಗೆ ಹಾರಿ ಅದೇ ರ್‍ಯಾಂಪಿಗೆ ಇಳಿಯುವಾಗ ಮೊದಲು ಕಾಂಬೊ ಅಲ್ಲಿಗೇ ನಿಲ್ಲುತ್ತಿತ್ತು, ರಿವರ್ಟ್ ಅದನ್ನು ಮ್ಯಾನ್ಯುಯಲ್‌ಗೆ ಜೋಡಿಸಿತು. ಗಮನಿಸಿ: ಪ್ರತಿಯೊಂದು ಆಟವೂ ಹಿಂದಿನ ಆಟದಲ್ಲಿ ಕಾಂಬೊ ಎಲ್ಲಿ ಕಡಿಯುತ್ತಿತ್ತೋ ಆ ಜಾಗವನ್ನು ಹುಡುಕಿ ಅಲ್ಲಿ ಬೆಸುಗೆ ಹಾಕಿದೆ. ಹೀಗೆ ಮೂರು ವರ್ಷಗಳಲ್ಲಿ ಇಡೀ ಲೆವೆಲನ್ನು ಒಂದೇ ಉಸಿರಿನಲ್ಲಿ ದಾಟುವಂತಾಯಿತು. ವಿಮರ್ಶಕರ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಎರಡನೆಯ ಆಟಕ್ಕೆ ನೂರಕ್ಕೆ 98 ಬಂದದ್ದೂ ಮೂರನೆಯದಕ್ಕೆ 97 ಬಂದದ್ದೂ ಸುಮ್ಮನೆ ಅಲ್ಲ.

ಈಗ ಐದನೆಯದಕ್ಕೆ ಬನ್ನಿ. ಹಳೆಯ ಆಟಗಳಲ್ಲಿ ನಾವು ಕಂಬಿಯ ಹತ್ತಿರ ಬರುವ ಮೊದಲೇ, ಇನ್ನೂ ಗಾಳಿಯಲ್ಲಿ ಏರುತ್ತಿರುವಾಗಲೇ, ತ್ರಿಕೋನವನ್ನು ಒತ್ತಿ ಹಿಡಿದಿರುತ್ತಿದ್ದೆವು. ಕಂಬಿ ಸಮೀಪಕ್ಕೆ ಬಂದೊಡನೆ ಬೋರ್ಡ್ ತಾನಾಗಿ ಅದಕ್ಕೆ ಅಂಟಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಆಡಿದವರ ಹೆಬ್ಬೆರಳು ಮುಂಚಿತವಾಗಿ ಒತ್ತುವುದನ್ನೇ ಕಲಿತಿದೆ. ಐದನೆಯ ಆಟವು ಗಾಳಿಯಲ್ಲಿ ಅದೇ ತ್ರಿಕೋನಕ್ಕೆ ನೇರವಾಗಿ ನೆಲಕ್ಕೆ ಇಳಿಸುವ ಇನ್ನೊಂದು ಕೆಲಸವನ್ನು ಕೊಟ್ಟಿತು. ಕಂಬಿ ಸಾಕಷ್ಟು ಹತ್ತಿರವಿದ್ದರೆ ಗ್ರೈಂಡ್, ಇಲ್ಲದಿದ್ದರೆ ಸ್ಲ್ಯಾಮ್. ನೀವು ಅರೆಕ್ಷಣ ಮುಂಚೆ ಒತ್ತಿದರೆ ಹಳೆಯ ಆಟದಲ್ಲಿ ಅದು ಜಾಣತನ, ಇಲ್ಲಿ ಅದಕ್ಕೆ ಶಿಕ್ಷೆ. ಕೋಲಾಟದಲ್ಲಿ ಒಬ್ಬರ ಕೋಲು ತಾಳ ತಪ್ಪಿದರೆ ಇಡೀ ಸುತ್ತು ನಿಲ್ಲುವ ಹಾಗೆ, ಹತ್ತು ಟ್ರಿಕ್‌ಗಳ ಕಾಂಬೊ ಒಂದು ಬಟನ್‌ನ ಅನುಮಾನದಿಂದ ಮುರಿದುಬೀಳುತ್ತದೆ. ಹೊಸಬರಿಗಿಂತ ಹಳಬರಿಗೇ ಇದು ಹೆಚ್ಚು ಕಾಡುವುದು ನನಗೆ ಅತ್ಯಂತ ಬೇಸರದ ಸಂಗತಿ, ಏಕೆಂದರೆ ಈ ಆಟಕ್ಕೆ 5 ಎಂಬ ಅಂಕಿ ಕೊಟ್ಟಿದ್ದೇ ಹಳಬರನ್ನು ಮರಳಿ ಕರೆಯಲು.

ಸ್ಲ್ಯಾಮ್ ಎಂಬ ಕಲ್ಪನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎತ್ತರಕ್ಕೆ ಹಾರಿದವನು ಬೇಗ ಕೆಳಗಿಳಿದು ವೇಗ ಉಳಿಸಿಕೊಳ್ಳುವುದು ಕೆಲವು ಕಡೆ ನಿಜವಾಗಿಯೂ ಉಪಯುಕ್ತ. ಅದನ್ನು ಬೇರೊಂದು ಬಟನ್‌ಗೆ ಕೊಟ್ಟಿದ್ದರೆ ಅದು ಇನ್ನೊಂದು ಬೆಸುಗೆಯಾಗಬಹುದಿತ್ತು. ಗ್ರೈಂಡಿಗೆ ಮೀಸಲಾದ ಬಟನ್‌ಗೇ ಕೊಟ್ಟದ್ದರಿಂದ ಸರಣಿಯು ಕಟ್ಟುತ್ತ ಬಂದಿದ್ದನ್ನು ಸರಣಿಯ ಹೆಸರಿನಲ್ಲಿಯೇ ಕಡಿದಂತಾಯಿತು.

ಲೆವೆಲ್‌ಗಳ ಬಗ್ಗೆ ನೀವು ಹೇಳಿದ್ದೂ ಸರಿ. ಎರಡನೆಯ ಆಟದ ಹ್ಯಾಂಗರ್‌ನಲ್ಲಿ ನಿಂತಿರುವ ಹೆಲಿಕಾಪ್ಟರ್ ನಿಮ್ಮ ಗ್ರೈಂಡಿನಿಂದ ಎದ್ದು ಹಾರಿಹೋಗುತ್ತದೆ. ಅದೇ ಆಟದ ಶಾಲೆಯ ಲೆವೆಲ್‌ನಲ್ಲಿ ಮುಚ್ಚಿದ್ದ ವ್ಯಾಯಾಮಶಾಲೆಯ ಬಾಗಿಲು ತೆರೆಯುತ್ತದೆ. ಮೂರನೆಯದರ ಲಾಸ್ ಏಂಜಲಿಸ್‌ನಲ್ಲಿ ಭೂಕಂಪವೇ ಆಗುತ್ತದೆ. ಆಡುವವನು ಏನೋ ಮಾಡಿದರೆ ಊರು ಉತ್ತರ ಕೊಡುತ್ತಿತ್ತು. ಮೂಲೆ ಹುಡುಕುವ ಆಸೆ ಬರುತ್ತಿದ್ದುದು ಅದರಿಂದ. ಐದನೆಯದರ ಸ್ಕೂಲ್ 3 ಹಳೆಯ ಶಾಲೆಗಳನ್ನು ನೆನಪಿಸಲೆಂದೇ ಮಾಡಿದ್ದು, ಬಂಕರ್ ಎಂಬುದೂ ಹಳೆಯ ಅಂಗಳಗಳ ಜಾಡಿನಲ್ಲಿಯೇ ಇದೆ. ಆದರೆ ಅವು ಕಂಬಿ ಮತ್ತು ರ್‍ಯಾಂಪ್‌ಗಳನ್ನು ಜೋಡಿಸಿಟ್ಟ ಅಂಗಳಗಳಾಗಿಯೇ ಉಳಿಯುತ್ತವೆ. ಮಿಷನ್‌ಗಳನ್ನು ಲೆವೆಲಿನ ಒಡಲಿನಿಂದ ತೆಗೆದು ಪಟ್ಟಿ ಮಾಡಿ, ಒಂದೊಂದನ್ನು ಆರಿಸಿದಾಗಲೂ ಲೋಡಿಂಗ್‌ಗೆ ಕಾಯುವಂತೆ ಮಾಡಿದ್ದಾರೆ. ನೀವು ಹೇಳಿದ ಎರಡು ನಿಮಿಷದ ಸುತ್ತಿನಲ್ಲಿ ಒಂದೇ ಹಾದಿಯಲ್ಲಿ ಅಕ್ಷರ ಕೂಡಿಸುವುದು, ಸ್ಕೋರ್ ಮಾಡುವುದು, ಗುಪ್ತ ಟೇಪ್ ಹುಡುಕುವುದು, ಈ ಎಲ್ಲ ಗುರಿಗಳು ಹೆಣೆದುಕೊಂಡಿರುತ್ತಿದ್ದವು; ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಆಟಗಾರನೇ ತೀರ್ಮಾನಿಸುತ್ತಿದ್ದ. ಪಟ್ಟಿಯಿಂದ ಆರಿಸುವಾಗ ಆ ತೀರ್ಮಾನಕ್ಕೆ ಜಾಗವೇ ಇರುವುದಿಲ್ಲ.


ಉತ್ತರ: ಭೀಮಾತೀರ, ಯಾದಗಿರಿ

ಬಹಮನಿಬುರುಜು ಅಣ್ಣನವರು ಆಟದ ಒಳಗಿನ ಕಾರಣವನ್ನು ಹೇಳಿದ್ದಾರೆ. ನಾನು ಹೊರಗಿನ ಕಾರಣವನ್ನು ಸೇರಿಸುತ್ತೇನೆ, ಏಕೆಂದರೆ ತೊಗರಿಕಣಜ ಅವರು ಕೇಳಿದ ಅವಸರದ ಪ್ರಶ್ನೆಗೂ ಉತ್ತರ ಹೌದು ಎಂದೇ ಆಗಿದೆ. ಡಿಸ್ಕ್ ಕೊಳ್ಳುವವರು ಇದನ್ನು ಮೊದಲು ತಿಳಿದಿರಬೇಕು.

ಈ ಆಟ 2015ರ ಸೆಪ್ಟೆಂಬರ್ 29ರಂದು ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂದಿತು. ಡಿಸ್ಕಿನಲ್ಲಿದ್ದದ್ದು ಸುಮಾರು 4.6 ಜಿಬಿ. ಬಿಡುಗಡೆಯ ದಿನವೇ ಇಳಿಸಿಕೊಳ್ಳಬೇಕಾಗಿದ್ದ ಅಪ್‌ಡೇಟ್ ಸುಮಾರು 7.7 ಜಿಬಿ. ಅಪ್‌ಡೇಟ್ ಡಿಸ್ಕಿಗಿಂತ ದೊಡ್ಡದು ಎಂದರೆ ಅದರ ಅರ್ಥ ಏನೆಂದು ನೋಡಿ: ಅಪ್‌ಡೇಟ್ ಇಲ್ಲದೆ ಡಿಸ್ಕನ್ನು ಹಾಕಿದರೆ ಆಡಲು ಸಿಗುವುದು ಕಲಿಕೆಯ ಭಾಗ ಮತ್ತು ಸ್ವಂತ ಪಾರ್ಕ್ ಕಟ್ಟುವ ಭಾಗ, ಇವೆರಡು ಮಾತ್ರ. ದುಡ್ಡು ಕೊಟ್ಟು ಕೊಂಡ ಡಿಸ್ಕಿನಲ್ಲಿ ಆಟವೇ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇಂಟರ್‌ನೆಟ್ ಎಂದರೆ ಮೊಬೈಲಿನ ಹಾಟ್‌ಸ್ಪಾಟ್. ದಿನಕ್ಕೆ ಸಿಗುವ ಡೇಟಾ ಒಂದೂವರೆಯೋ ಎರಡೋ ಜಿಬಿ. ಡಿಸ್ಕ್ ಕೊಳ್ಳುವುದೇ ಡೌನ್‌ಲೋಡ್ ಬೇಡವೆಂದು. ಅಂತಹ ಮನೆಯ ಹುಡುಗ ಈ ಡಿಸ್ಕನ್ನು ಹಾಕಿ ಕುಳಿತರೆ ಅವನ ಗತಿ ಏನು ಎಂದು ಇದನ್ನು ಮಾರುಕಟ್ಟೆಗೆ ಬಿಟ್ಟವರು ಯೋಚಿಸಬೇಕಾಗಿತ್ತು.

ಅವಸರ ಯಾಕೆ? ಟೋನಿ ಹಾಕ್ ಹೆಸರನ್ನು ಬಳಸಲು ಈ ಆಟಗಳ ಪ್ರಕಾಶಕರಾದ ಆಕ್ಟಿವಿಷನ್ ಸಂಸ್ಥೆಗಿದ್ದ ಪರವಾನಗಿ 2015ರ ಕೊನೆಗೆ ಮುಗಿಯಲಿತ್ತು ಎಂದು ಆಗಿನ ವರದಿಗಳು ಹೇಳಿದ್ದವು. ಆ ಗಡುವಿನೊಳಗೆ ಆಟ ಅಂಗಡಿಗೆ ಬರಬೇಕಾಗಿತ್ತು. ಇದಕ್ಕೆ ಒಂದು ಕಣ್ಣಿಗೆ ಕಾಣುವ ಸಾಕ್ಷಿಯಿದೆ. ಮೊದಲು ತೋರಿಸಿದ ದೃಶ್ಯಗಳು ಹಳೆಯ ಕಾಲದವಂತೆ ಕಾಣುತ್ತವೆ ಎಂದು ಜನ ಟೀಕಿಸಿದಾಗ, ಬಿಡುಗಡೆಗೆ ಹೆಚ್ಚುಕಡಿಮೆ ಎರಡು ತಿಂಗಳಷ್ಟೇ ಇದ್ದಾಗ, ಇಡೀ ಆಟದ ಚಿತ್ರಶೈಲಿಯನ್ನೇ ಬದಲಿಸಿ ವ್ಯಂಗ್ಯಚಿತ್ರದ ಹಾಗೆ ಕಪ್ಪು ಅಂಚಿನ ಆಕೃತಿಗಳನ್ನು ತಂದರು. ನೀವು ಆಡುವಾಗ ಗಮನಿಸಿರಬಹುದು: ಆಟಗಾರನ ಸುತ್ತ ಗೆರೆ ಎಳೆದ ಹಾಗೆ ಇರುತ್ತದೆ, ಹಿಂದಿನ ಗೋಡೆ ಮತ್ತು ನೆಲ ಬೇರೆಯದೇ ರೀತಿಯಲ್ಲಿರುತ್ತವೆ. ಎರಡೂ ಒಂದೇ ಕೈ ಬರೆದ ಚಿತ್ರದಂತೆ ಕಾಣುವುದಿಲ್ಲ. ಎರಡು ತಿಂಗಳಲ್ಲಿ ಕೂಡಿಸಿದ್ದು ಕೂಡಲಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ಪ್ಲೇಸ್ಟೇಷನ್ 4ರ ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ ಬಂದದ್ದು 32.

ನನ್ನ ಸಲಹೆ ನೇರವಾಗಿದೆ. ಡಿಸ್ಕಿನ ಬೆಲೆ ಎಷ್ಟೇ ಕಡಿಮೆ ಇರಲಿ, ಆ ಬೆಲೆಯ ಮೇಲೆ ಡೌನ್‌ಲೋಡಿನ ಖರ್ಚನ್ನೂ ಕೂಡಿಸಿ ನೋಡಿ. ಗೆಳೆಯನ ಮನೆಯ ಯಂತ್ರದಲ್ಲಿ ಅಪ್‌ಡೇಟ್ ಆಗಿರುವುದರಿಂದ ಆಟ ಪೂರ್ತಿ ಕಂಡಿರುತ್ತದೆ; ನಿಮ್ಮ ಮನೆಯ ಯಂತ್ರದಲ್ಲಿ ಅದೇ ಡಿಸ್ಕ್ ಹಾಗೆ ಕಾಣಿಸುವುದಿಲ್ಲ.


ಉತ್ತರ: ಶಹಾಬಾದ್‌ಕಲ್ಲು, ಕಲಬುರಗಿ

ಇಬ್ಬರೂ ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲ ಹೊರೆಯನ್ನೂ 2015ರ ಈ ಒಂದು ಆಟದ ಮೇಲೆ ಹೊರಿಸುವುದು ನ್ಯಾಯವಲ್ಲ. ಸರಣಿ ಬಳಲಿದ್ದು ಅದಕ್ಕಿಂತ ಬಹಳ ಮೊದಲು.

1999ರಿಂದ 2007ರವರೆಗೆ ನೆವರ್‌ಸಾಫ್ಟ್ ಪ್ರತಿ ವರ್ಷ ಒಂದು ಆಟವನ್ನು ಕೊಡುತ್ತ ಹೋಯಿತು. 2002ರ ನಾಲ್ಕನೆಯ ಆಟ ಎರಡು ನಿಮಿಷದ ಗಡಿಯಾರವನ್ನು ತೆಗೆದು, ಲೆವೆಲ್ಲಿನಲ್ಲಿ ನಿಂತಿರುವ ಜನರ ಹತ್ತಿರ ಹೋಗಿ ಕೆಲಸ ಕೇಳಿಕೊಳ್ಳುವ ರೀತಿಯನ್ನು ತಂದಿತು. 2003ರ ಅಂಡರ್‌ಗ್ರೌಂಡ್ ಬೋರ್ಡಿನಿಂದ ಕೆಳಗಿಳಿದು ನಡೆಯುವುದನ್ನೂ ಒಂದು ಕಥೆಯನ್ನೂ ಕೊಟ್ಟಿತು. ಇವೆರಡೂ ಒಳ್ಳೆಯ ಆಟಗಳೇ. ಅನಂತರ ಅಂಡರ್‌ಗ್ರೌಂಡ್ 2, ಅಮೆರಿಕನ್ ವೇಸ್ಟ್‌ಲ್ಯಾಂಡ್, ಪ್ರಾಜೆಕ್ಟ್ 8, ಪ್ರೂವಿಂಗ್ ಗ್ರೌಂಡ್ ಎಂದು ಸಾಲುಸಾಲಾಗಿ ಬಂದವುಗಳಲ್ಲಿ ಹೊಸತನ ಕಡಿಮೆಯಾಗುತ್ತ ಬಂದಿತು. 2007ರಲ್ಲಿಯೇ ಇಎ ಸಂಸ್ಥೆಯ ಸ್ಕೇಟ್ ಎಂಬ ಆಟ ಬಂದು, ಬಟನ್ ಒತ್ತುವ ಬದಲು ಬಲಗಡೆಯ ಸ್ಟಿಕ್ಕನ್ನು ಕಾಲಿನಿಂದ ಬೋರ್ಡ್ ತಳ್ಳುವ ರೀತಿಯಲ್ಲಿ ಎಳೆದು ಬಿಡುವ ಹೊಸ ವಿಧಾನವನ್ನು ತೋರಿಸಿತು. ಮುಂದೆ ಟೋನಿ ಹಾಕ್ ಸರಣಿಯ ಕೆಲಸ ರೋಬೊಮೋಡೊ ಎಂಬ ಬೇರೆ ಸಂಸ್ಥೆಗೆ ಹೋಯಿತು. ಅದು ಮಾಡಿದ ಮೊದಲ ಆಟ 2009ರ ರೈಡ್. ಕಂಟ್ರೋಲರ್ ಬದಲು ಚಕ್ರವಿಲ್ಲದ ಬೋರ್ಡ್ ಒಂದರ ಮೇಲೆ ನಿಂತು ಆಡಬೇಕಾಗಿತ್ತು. ಬೋರ್ಡಿನ ಸೆನ್ಸರ್‌ಗಳು ಆಡುವವನ ಕಾಲಿನ ಮಾತನ್ನು ಸರಿಯಾಗಿ ಕೇಳುತ್ತಿರಲಿಲ್ಲ. 2010ರ ಶ್ರೆಡ್ ಕೂಡ ಅದೇ ಬೋರ್ಡನ್ನು ನಂಬಿ ಬಂದು ಕೈಸೋತಿತು. 2012ರಲ್ಲಿ ಹಳೆಯ ಮೊದಲ ಎರಡು ಆಟಗಳಿಂದ ಏಳು ಲೆವೆಲ್ ಆರಿಸಿ ಎಚ್‌ಡಿ ಎಂದು ತಂದಾಗ ಅದರಲ್ಲಿ ರಿವರ್ಟ್ ಇರಲಿಲ್ಲ. ಅದನ್ನು ಆಮೇಲೆ ಪ್ರತ್ಯೇಕವಾಗಿ ಮಾರಿದರು. ಬಹಮನಿಬುರುಜು ಅವರು ಬೆಸುಗೆ ಎಂದು ಕರೆದ ಆ ಚಲನೆಯನ್ನು ಹೆಚ್ಚುವರಿ ಸಾಮಾನಿನ ಹಾಗೆ ಕಂಡವರ ಕೈಯಿಂದಲೇ ಮೂರು ವರ್ಷದ ನಂತರ ಸ್ಲ್ಯಾಮ್ ಬಂದಿತು. ಅದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ನೆವರ್‌ಸಾಫ್ಟ್ ಅಷ್ಟರಲ್ಲಿ ಇರಲೂ ಇಲ್ಲ. 2014ರಲ್ಲಿಯೇ ಅದನ್ನು ಇನ್‌ಫಿನಿಟಿ ವಾರ್ಡ್ ಎಂಬ ಇನ್ನೊಂದು ಸಂಸ್ಥೆಯಲ್ಲಿ ವಿಲೀನಗೊಳಿಸಲಾಗಿತ್ತು.

ಐದನೆಯದರ ಪರವಾಗಿ ಒಂದು ಮಾತು ಹೇಳಲೇಬೇಕು. ಸ್ವಂತ ಪಾರ್ಕ್ ಕಟ್ಟುವ ಭಾಗ ನನಗೆ ನಿಜವಾಗಿಯೂ ಇಷ್ಟವಾಯಿತು. ನಮ್ಮ ಮನೆಯ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಬೋರ್ಡ್ ತಂದು ಅದರ ಮೇಲೆ ಅಭ್ಯಾಸ ಮಾಡುವಾಗ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿ ನಿಲ್ಲುತ್ತದೆ. ಕಲ್ಲು ನುಣುಪಾಗಿದ್ದು ವೇಗ ಚೆನ್ನಾಗಿ ಬರುತ್ತದೆ, ಸಂದಿ ಬಂದಲ್ಲಿ ಭಾರವನ್ನು ಹಿಂದಿನ ಕಾಲಿಗೆ ತಂದು ಮುಂದಿನ ಚಕ್ರವನ್ನು ಸ್ವಲ್ಪ ಎತ್ತಬೇಕು. ಆ ಅಂಗಳವನ್ನು, ಕಟ್ಟೆಯನ್ನು, ಅದರ ಎರಡು ಮೆಟ್ಟಿಲುಗಳನ್ನು ಆಟದೊಳಗೆ ಅಳತೆಗೆ ತಕ್ಕಂತೆ ಕಟ್ಟಿ, ನಿಜದಲ್ಲಿ ನನ್ನಿಂದ ಆಗದ ಟ್ರಿಕ್‌ಗಳನ್ನು ಅಲ್ಲಿ ಮಾಡಿದ ಸಂತೋಷ ಸಣ್ಣದಲ್ಲ. ನಮ್ಮ ಊರಿನಲ್ಲಿ ಸ್ಕೇಟ್‌ಬೋರ್ಡಿಗೆಂದು ಜಾಗ ಸಿಗುವುದು ಕಷ್ಟವಾದ್ದರಿಂದ ಈ ಭಾಗ ನನ್ನಂಥವರಿಗೆ ಬೇರೆಯದೇ ಬೆಲೆಯುಳ್ಳದ್ದು. ಭೀಮಾತೀರ ಅವರು ಹೇಳಿದ ಹಾಗೆ, ಡಿಸ್ಕಿನಲ್ಲಿ ಅಪ್‌ಡೇಟ್ ಇಲ್ಲದೆಯೂ ಸಿಗುವುದು ಇದೇ ಭಾಗ. ಅದಕ್ಕಾಗಿ ಮಾತ್ರ ಕೊಳ್ಳುತ್ತೇನೆ ಎನ್ನುವವರಿಗೆ ನಾನು ಬೇಡ ಎನ್ನಲಾರೆ.


ಮರು ಪ್ರತಿಕ್ರಿಯೆ: ಬಹಮನಿಬುರುಜು, ಬೀದರ್

ಶಹಾಬಾದ್‌ಕಲ್ಲು ಅವರ ಮಾತಿನಲ್ಲಿ ಸತ್ಯವಿದೆ. ಪಾರ್ಕ್ ಕಟ್ಟುವ ಭಾಗವನ್ನು ನಾನು ಹೇಳದೇ ಬಿಟ್ಟಿದ್ದಕ್ಕೆ ಅವರು ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಇತಿಹಾಸದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರೈಡ್ ಸೋತರೂ ಅದು ತನ್ನನ್ನು ಪ್ರೊ ಸ್ಕೇಟರ್ ಎಂದು ಕರೆದುಕೊಂಡಿರಲಿಲ್ಲ. ಬೇರೆ ಹೆಸರಿನಲ್ಲಿ ಬೇರೆ ಪ್ರಯೋಗ ಮಾಡಿ ಸೋತವರ ಮೇಲೆ ನನಗೆ ಸಿಟ್ಟಿಲ್ಲ. 4ರ ಮುಂದೆ 5 ಎಂದು ಬರೆದ ಮೇಲೆ, 4ರವರೆಗೆ ಆಡಿದವರ ಹೆಬ್ಬೆರಳಿಗೆ ಕೊಟ್ಟ ಮಾತು ಅದು. ಅದಕ್ಕಾಗಿಯೇ ಐದನೆಯದನ್ನು ಉಳಿದವುಗಳಿಗಿಂತ ಕಟ್ಟುನಿಟ್ಟಾಗಿ ಅಳೆಯಬೇಕು ಎನ್ನುತ್ತೇನೆ.


ಮರು ಪ್ರಶ್ನೆ: ತೊಗರಿಕಣಜ, ಕಲಬುರಗಿ

ಮೂವರಿಗೂ ಮನಸಾರೆ ವಂದನೆಗಳು. ನೀವು ಬರೆದದ್ದನ್ನು ಓದಿದ ಮೇಲೆ ಮತ್ತೊಮ್ಮೆ ಆ ಮನೆಗೆ ಹೋಗಿ, ಕಂಬಿಗೆ ತೀರಾ ಹತ್ತಿರ ಬರುವವರೆಗೆ ತ್ರಿಕೋನ ಒತ್ತಬಾರದೆಂದು ಹುಡುಗನಿಗೆ ಹೇಳಿಕೊಟ್ಟೆ. ಅವನಿಗೆ ಬೇಗನೆ ಹತ್ತಿತು. ನನ್ನ ಹೆಬ್ಬೆರಳು ಮಾತ್ರ ಹಳೆಯ ಹೊತ್ತಿಗೇ ಒತ್ತುತ್ತಿತ್ತು. ಹಳಬರಿಗೇ ಹೆಚ್ಚು ಕಾಡುತ್ತದೆ ಎಂದು ಬಹಮನಿಬುರುಜು ಅವರು ಹೇಳಿದ್ದು ಕಣ್ಣಮುಂದೆಯೇ ಕಂಡಿತು. ಆದರೆ ಒಂದು ಆತಂಕವೂ ಹುಟ್ಟಿತು: ಇದರಲ್ಲಿ ಕಲಿತ ಹೊತ್ತನ್ನು ಅವನು ನಾಳೆ ಒಳ್ಳೆಯ ಆಟದಲ್ಲಿ ಮರೆಯಬೇಕಾಗುತ್ತದೆ. ಆದ್ದರಿಂದ ಐದನೆಯದು ಬೇಡ ಎಂದು ಅಣ್ಣನಿಗೂ ಹೇಳಿದ್ದೇನೆ.

ಹಾಗಾದರೆ ಪ್ಲೇಸ್ಟೇಷನ್ 4ರಲ್ಲಿ ಯಾವುದರಿಂದ ಶುರು ಮಾಡಿಸಲಿ? ಹಳೆಯ ಆಟಗಳ ಮರುರೂಪಗಳಾದ 2020ರ 1+2 ಮತ್ತು 2025ರ 3+4 ಎರಡೂ ಇವೆಯೆಂದು ನೋಡಿದೆ. ನಾನು ಆಡಿದ್ದು 3 ಆದ್ದರಿಂದ ಮನಸ್ಸು ಆ ಕಡೆ ಎಳೆಯುತ್ತಿದೆ.


ಉತ್ತರ: ಬಹಮನಿಬುರುಜು, ಬೀದರ್

ನಿಮ್ಮ ಮನಸ್ಸು 3ರ ಕಡೆ ಎಳೆಯುವುದು ಸಹಜ, ಆದರೆ ಹುಡುಗನಿಗೆ 1+2ನ್ನೇ ಮೊದಲು ಕೊಡಿ. ವಿಕೇರಿಯಸ್ ವಿಷನ್ಸ್ ಸಂಸ್ಥೆ ಮಾಡಿದ ಆ ಮರುರೂಪ, ಐದನೆಯದು ಎಲ್ಲಿ ತಪ್ಪಿತೋ ಅಲ್ಲಿ ಸರಿಯಾಗಿ ನಡೆದಿದೆ. ಹ್ಯಾಂಗರ್ ಮತ್ತು ಶಾಲೆಗಳನ್ನು ಹೊಸ ಕಣ್ಣಿಗೆ ತಕ್ಕಂತೆ ಕಟ್ಟಿದರೂ, ತ್ರಿಕೋನ ಒತ್ತಿದರೆ ಕಂಬಿ ಹಿಡಿಯುತ್ತದೆ, ಬೇರೇನೂ ಆಗುವುದಿಲ್ಲ. ಹೊಸ ಸಂಸ್ಥೆಯೊಂದಕ್ಕೆ ಹಳೆಯ ಕೈಯನ್ನು ಗೌರವಿಸುವುದು ಸಾಧ್ಯವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

3+4ನ್ನು ಐರನ್ ಗ್ಯಾಲಕ್ಸಿ ಸಂಸ್ಥೆ 2025ರ ಜುಲೈನಲ್ಲಿ ತಂದಿತು. ಅದರಲ್ಲಿ ಮೂರನೆಯ ಆಟದ ಭಾಗ ನಿಮಗೆ ಹಿತವಾಗುತ್ತದೆ. ನಾಲ್ಕನೆಯದರ ಭಾಗಕ್ಕೆ ಮಾತ್ರ ಮೂಲದಲ್ಲಿ ಇಲ್ಲದಿದ್ದ ಎರಡು ನಿಮಿಷದ ಗಡಿಯಾರವನ್ನು ತಂದು ಹಾಕಿದ್ದಾರೆ. ಜನರ ಹತ್ತಿರ ಹೋಗಿ ಕೆಲಸ ಕೇಳುವ ಆ ಬಿಡುವಾದ ನಡೆ ಅಲ್ಲಿ ಉಳಿದಿಲ್ಲ. ನಾಲ್ಕನೆಯದನ್ನು ಪ್ರೀತಿಸಿದವರಿಗೆ ಅದು ನೋವಿನ ವಿಷಯ, ನನಗೂ ಸಹ. ಆದರೂ ಕೈಗೆ ಹತ್ತುವ ಆಟ ಅದು, ಐದನೆಯದರ ಸಾಲಿಗೆ ಸೇರಿಸುವಂಥದ್ದಲ್ಲ.

1+2ರಲ್ಲಿ ಇನ್ನೊಂದು ಅನುಕೂಲವಿದೆ. ಸೆಟ್ಟಿಂಗ್‌ನಲ್ಲಿ ಟ್ರಿಕ್‌ಗಳ ರೀತಿಯನ್ನು ಆರಿಸಿಕೊಳ್ಳಬಹುದು: ಮ್ಯಾನ್ಯುಯಲ್ ಇಲ್ಲದ ಮೊದಲ ಆಟದ ರೀತಿ, ಮ್ಯಾನ್ಯುಯಲ್ ಇದ್ದು ರಿವರ್ಟ್ ಇಲ್ಲದ ಎರಡನೆಯ ಆಟದ ರೀತಿ, ಎಲ್ಲವೂ ಇರುವ ರೀತಿ. ಆಟ ತಾನಾಗಿ ಕೊಡುವುದು ಎಲ್ಲವೂ ಇರುವುದನ್ನು. ನೀವು ಹುಡುಗನಿಗೆ ಮೊದಲು ಮೊದಲ ರೀತಿಯನ್ನೇ ಇಟ್ಟುಕೊಡಿ. ವೇರ್‌ಹೌಸ್ ಲೆವೆಲ್‌ನಲ್ಲಿ ಕಂಬಿಯಿಂದ ಕಂಬಿಗೆ ಹಾರಿ ಎರಡು ಗ್ರೈಂಡ್ ಜೋಡಿಸುವುದು ಬಂದ ಮೇಲೆ ಮ್ಯಾನ್ಯುಯಲ್ ತೆರೆಯಿರಿ. ಮ್ಯಾನ್ಯುಯಲ್‌ಗೆ ನೆಲ ಮುಟ್ಟುವ ಮುಂಚೆ ಮೇಲೆ ಒತ್ತಿ ಕೂಡಲೇ ಕೆಳಗೆ ಒತ್ತಬೇಕು, ಹಿಡಿದುಕೊಂಡು ಕೂಡಬಾರದು. ರಿವರ್ಟ್‌ಗೆ ರ್‍ಯಾಂಪಿನ ಮೇಲೆ ಚಕ್ರ ತಾಗುವ ಹೊತ್ತಿಗೆ ಆರ್2 ಒತ್ತಿ, ತಡಮಾಡದೆ ಮ್ಯಾನ್ಯುಯಲ್‌ಗೆ ಹೋಗಬೇಕು. ಕಾಕಾನ ಕೈಗೆ ಇದು ಹಳೆಯದೇ. ಪಕ್ಕದಲ್ಲಿ ಕುಳಿತು ಒಂದು ಸುತ್ತು ನೀವು ಆಡಿ ತೋರಿಸಿದರೆ ಅವನಿಗೆ ಬೇಗ ತಿಳಿಯುತ್ತದೆ.